ಹೂಳು ಯಾರದು?

ಪಾಣೆಮಂಗಳೂರಿನ ಹಳೆಯ ಸೇತುವೆಯ ಮೇಲೆ ನಿಂತು ನೇತ್ರಾವತಿಯನ್ನು ನೋಡುವುದು ನನ್ನ ಸಂಜೆಯ ಅಭ್ಯಾಸ. ಹಿಂದಿನ ಕಾಲದಲ್ಲಿ ಘಟ್ಟದಿಂದಿಳಿದ ಸರಕು ಈ ಆಸುಪಾಸಿನಲ್ಲಿ ದೋಣಿಯೇರಿ ಇದೇ ನೀರಿನ ಮೇಲೆ ಮಂಗಳೂರಿಗೆ ಹೋಗುತ್ತಿತ್ತು. ತೊಡಕಿದ್ದುದು ಅಲ್ಲಿಂದ ಮುಂದೆ. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಕಡಲು ಸೇರುವ ಅಳಿವೆಯಲ್ಲಿ ಮರಳ ದಿಬ್ಬ. ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕಬೇಕು. ಸರಕನ್ನು ದೋಣಿಗಳಲ್ಲಿ ಅಲ್ಲಿಗೆ ಸಾಗಿಸಬೇಕು.

ದಿಬ್ಬವನ್ನು ತೆಗೆದರಾಯಿತಲ್ಲ ಎನ್ನಬಹುದು. ಆದರೆ ಹೂಳೆತ್ತುವ ಕೆಲಸಕ್ಕೆ ಮುಗಿತಾಯವೆಂಬುದಿಲ್ಲ. ಹೊಳೆ ತರುವ ಮರಳು, ಕಡಲು ತಳ್ಳುವ ಮರಳು, ಎರಡೂ ಮಳೆಗಾಲದಲ್ಲಿ ಮತ್ತೆ ಬಂದು ತುಂಬುತ್ತವೆ. ಹೊಳೆಯ ಸಹವಾಸವೇ ಬೇಡವೆಂಬಂತೆ ಪಣಂಬೂರಿನಲ್ಲಿ ನೆಲ ಅಗೆದು ಮಾಡಿದ ಹೊಸ ಬಂದರು 1975ರಲ್ಲಿ ಉದ್ಘಾಟನೆಗೊಂಡಿತು. ಅಲ್ಲಿಯೂ ಹಡಗಿನ ದಾರಿಯ ಹೂಳನ್ನು ವರ್ಷವರ್ಷವೂ ತೆಗೆಯಲೇಬೇಕು.

ನಾನು ಪಾಠ ಹೇಳುವ ಮಂಗಳೂರಿನ ಕಾಲೇಜಿನಲ್ಲಿ ಒಮ್ಮೆ ಇದನ್ನೇ ನೀತಿಪಾಠ ಮಾಡಿದೆ. "ಹಿರಿಯರು ಹೊಳೆಗೆ ತಕ್ಕ ದೋಣಿ ಕಟ್ಟಿದರು. ನಾವು ಹಡಗಿಗೆ ತಕ್ಕಂತೆ ಹೊಳೆಯನ್ನು ಅಗೆಯುತ್ತೇವೆ. ಆಸೆಗೆ ತಳವೆಲ್ಲಿ?" ಎಂದೆ.

ಬೆಂಗರೆಯ ಹುಡುಗನೊಬ್ಬ ಎದ್ದು ನಿಂತ. "ಸಾರ್, ಅಳಿವೆಯಲ್ಲಿ ಹೂಳು ತುಂಬಿದರೆ ಅಲೆ ಅಲ್ಲೇ ಎದ್ದು ಒಡೆಯುತ್ತದೆ. ಅಣ್ಣನ ದೋಣಿ ಒಳಗೆ ಬರುವವರೆಗೆ ಅಮ್ಮ ಊಟ ಮಾಡುವುದಿಲ್ಲ."

ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಮನೆಗೆ ಬಂದು ಜಗಲಿಯಲ್ಲಿ ಕುಳಿತಾಗ ಎದುರಿನ ಗೋಡೆಯೇ ನನ್ನನ್ನು ಕೇಳುವಂತಿತ್ತು. ಅದರ ಗಾರೆಯಲ್ಲಿರುವುದೂ ನೇತ್ರಾವತಿಯ ಮರಳೇ. ನನ್ನ ಮನೆಗಾಗಿ ಹೊಳೆಯನ್ನು ಅಗೆದಾಗ ಆಸೆಯ ಮಾತು ನನಗೆ ನೆನಪಾಗಲಿಲ್ಲ, ಅದು ಅಗತ್ಯವೆನಿಸಿತ್ತು. ಸೇತುವೆಯ ಕೆಳಗೆ ಸಂಪತ್ತಾದ ಮರಳು ಅಳಿವೆಯಲ್ಲಿ ಹೂಳಾಗುತ್ತದೆ. ಹಾಗೆಯೇ ನಮ್ಮದು ಅಗತ್ಯ, ಪರರದು ಆಸೆ!

ಹಾಗೆಂದು ಎಲ್ಲ ಅಗೆತವೂ ಒಂದೇ ಎನ್ನಲಾರೆ. ಜೀವ ಉಳಿಸಲು ದಾರಿ ಬಿಡಿಸುವುದು ಬೇರೆ, ಲಾಭಕ್ಕಾಗಿ ಆಳ ಹೆಚ್ಚಿಸುವುದು ಬೇರೆ. ಆದರೆ ಅಗೆಯುವವರೆಲ್ಲರೂ ಉತ್ತರಿಸಬೇಕಾದ ಪ್ರಶ್ನೆಗಳುಂಟು. ತೆಗೆದ ಹೂಳನ್ನು ಎಲ್ಲಿ ಹಾಕುತ್ತೀರಿ? ಅದರಿಂದ ಯಾರ ಬಲೆ ಬರಿದಾಗುತ್ತದೆ, ಯಾರ ದಂಡೆ ಕೊರೆಯುತ್ತದೆ? ಬರುವ ವರ್ಷ ಮತ್ತೆ ತೆಗೆಯುವವರು ಯಾರು? ಹೊಳೆಗೆ ಒಮ್ಮೆ ಕೈಹಚ್ಚಿದವನು ಅದರ ಋಣಕ್ಕೆ ಬಿದ್ದಂತೆ. ನಾನೂ ಆ ಸಾಲಗಾರರಲ್ಲಿ ಒಬ್ಬ.

ಸಂಜೆ ಈಗಲೂ ಸೇತುವೆಯ ಮೇಲೆ ನಿಲ್ಲುತ್ತೇನೆ. ಅಳಿವೆಯವರಿಗೆ ನೀತಿ ಹೇಳುವ ಧೈರ್ಯ ಮಾತ್ರ ಕಡಿಮೆಯಾಗಿದೆ.