ಉಳಿದುಹೋದ ಲೆಟರ್‌ಹೆಡ್

ತಂಗಿ ಮದುವೆ ಕಾರ್ಡ್ ಮಾಡಿಸೋಕೆ ಸುಲ್ತಾನ್‌ಪೇಟೆಗೆ ಹೋಗಿದ್ದೆ. ಅಂಗಡಿಯವರು ಲೆಕ್ಕ ಬರೆದ ಕಾಗದ ತಿರುಗಿಸಿದರೆ ಯಾವುದೋ ಸರ್ಕಾರಿ ಮಂಡಳಿಯ ಲೆಟರ್‌ಹೆಡ್. 'ಅಧ್ಯಕ್ಷರು ಹೋದ್ರು ಸಾರ್, ಕಾಗದ ಉಳೀತು' ಅಂತ ನಕ್ಕರು.

ನಮ್ಮ ಅಕಾಡೆಮಿಗಳ ಅವಧಿ ಹೇಳೋಕೆ ಮೂರು ವರ್ಷ. 2019ರಲ್ಲಿ ಸರ್ಕಾರ ಬದಲಾದಾಗ ನೇಮಕಗಳೇ ರದ್ದಾದವು. 2023ರ ಮೇ ತಿಂಗಳಲ್ಲಿ ಮತ್ತೆ ಸರ್ಕಾರ ಬದಲಾಯ್ತು. ಹೊಸ ಅಧ್ಯಕ್ಷರು ಬಂದದ್ದು 2024ರ ಮಾರ್ಚ್‌ನಲ್ಲಿ. ಮೊದಲ ಅವಧಿಯೇ ಪೂರ್ತಿಯಾಗದ ಕಡೆ 'ಎರಡನೇ ಸಲ ನೇಮಿಸಬಹುದಾ' ಅಂತ ನಾವು ವಾದ ಮಾಡ್ತೀವಿ!

ಆದರೂ ಎರಡನೇ ಅವಧಿಗೆ ನಾನು ವಿರೋಧಿಯೇ. ಕಾರಣ ನನ್ನದೇ. ಹಿಂದೆ ಕಾಂಟ್ರಾಕ್ಟ್ ಮೇಲೆ ಕೆಲಸದಲ್ಲಿದ್ದಾಗ, ರಿನ್ಯೂವಲ್ ತಿಂಗಳಲ್ಲಿ, ಡಿಸೈನ್ ತಪ್ಪು ಅಂತ ಗೊತ್ತಿದ್ದೂ ಮೀಟಿಂಗಲ್ಲಿ ತಲೆಯಾಡಿಸಿದ್ದೆ. ರಿನ್ಯೂ ಆಯ್ತು. ಆರು ತಿಂಗಳಿಗೆ ಸಿಸ್ಟಂ ಬಿತ್ತು. ರಾತ್ರಿಯೆಲ್ಲ ಕೂತು ಸರಿ ಮಾಡಿದವನು ಟೀಮಿನ ಹೊಸ ಹುಡುಗ. ಅವನಿಗೆ ಇವತ್ತಿಗೂ ನಾನು ಹೇಳಿಲ್ಲ.

ಸಲಹೆ ಕೊಡುವವರಿಗೆ ಇನ್ನೊಂದು ಸಲದ ಆಸೆ ಇರಬಾರದು. ನಾಳೆ ಕಳಿಸಿಬಿಡ್ತಾರೆ ಅನ್ನೋ ಭಯವೂ ಇರಬಾರದು. ಮೂರು ವರ್ಷ ಅಂದರೆ ಮೂರು ವರ್ಷ, ಯಾವ ಪಕ್ಷವೇ ಬರಲಿ. ಅನುಭವ ಪೋಲಾಗುತ್ತೆ ಅಂತೀರಾ? ರಾಜ್ಯಸಭೆಯಲ್ಲಿ ಎರಡು ವರ್ಷಕ್ಕೊಮ್ಮೆ ಆಗುವ ಹಾಗೆ, ಇಲ್ಲೂ ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಸದಸ್ಯರು ಮಾತ್ರ ಬದಲಾಗಲಿ. ಉಳಿದವರು ಹೊಸಬರಿಗೆ ಕಡತ ತೋರಿಸ್ತಾರೆ.