ಕಡೆಯ ದಿನದ ಲೆಕ್ಕ, ಇಂದಿನ ಲೆಕ್ಕ

ಸತ್ತ ಮೇಲೆ ಮನುಷ್ಯನ ಗತಿಯೇನು? ಈ ಪ್ರಶ್ನೆಯನ್ನು ಕೇಳದ ಜನಾಂಗವಿಲ್ಲ. ಇದಕ್ಕೆ ಉತ್ತರವನ್ನು ಹುಡುಕದ ಮತವಿಲ್ಲ. ವಿಜಯಪುರ ನಗರದಲ್ಲಂತೂ ಈ ಪ್ರಶ್ನೆಯು ಕಲ್ಲಿನ ರೂಪವನ್ನು ತಾಳಿ ನಿಂತಿದೆ. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನು ಗೋಳಗುಮ್ಮಟದ ಅಡಿಯಲ್ಲಿ ಮಲಗಿದ್ದಾನೆ. ಅವನ ಮನೆತನದ ರಾಜ್ಯವು 1686ರಲ್ಲಿ ಔರಂಗಜೇಬನ ವಶವಾಯಿತು. ಗೋರಿಯು ಉಳಿಯಿತು, ರಾಜ್ಯವು ಉಳಿಯಲಿಲ್ಲ.

ಲಿಂಗವಂತರೂ ಕ್ರೈಸ್ತರೂ ಸತ್ತವರನ್ನು ಮಣ್ಣಿಗೇ ಒಪ್ಪಿಸುವುದು ವಾಡಿಕೆ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಎಂದು ತೋರಬಹುದು. ಆದರೆ ಭಾವವು ಬೇರೆ. ಕ್ರೈಸ್ತನು ಮಲಗಿಸಲ್ಪಡುತ್ತಾನೆ, ಏಕೆಂದರೆ ಅವನು ಕರೆಯನ್ನು ಕಾಯುತ್ತಿರುವವನು. ಲಿಂಗವಂತನು ಕರಸ್ಥಲದಲ್ಲಿ ಇಷ್ಟಲಿಂಗವನ್ನು ಹಿಡಿದು ಕುಳ್ಳಿರಿಸಲ್ಪಡುತ್ತಾನೆ. ಅವನು ಯಾವ ಕರೆಯನ್ನೂ ಕಾಯುವವನಲ್ಲ, ಬೆರೆತವನು. ಈ ಭೇದವನ್ನು ಅರಿಯಬೇಕಾದರೆ ಮೊದಲು ಕ್ರೈಸ್ತರ ನಂಬುಗೆಯನ್ನು ನಿಷ್ಪಕ್ಷಪಾತವಾಗಿ ತಿಳಿಯಬೇಕು. ಅನ್ಯರ ನಂಬುಗೆಯನ್ನು ಅರೆಬರೆಯಾಗಿ ತಿಳಿದು ಹಳಿಯುವುದು ಶರಣಮಾರ್ಗವಲ್ಲ.

ಕ್ರೈಸ್ತರ ನಂಬುಗೆಯಂತೆ ಯೇಸುವು ಲೋಕಕ್ಕೆ ಮರಳಿ ಬರುವನು. ಸತ್ತವರೆಲ್ಲರೂ ದೇಹಸಹಿತರಾಗಿ ಏಳುವರು. ಸತ್ತವರಿಗೂ ಬದುಕಿರುವವರಿಗೂ ನ್ಯಾಯತೀರ್ಪು ಆಗುವುದು. 381ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಕೂಡಿದ ಮಹಾಸಭೆಯ ಹೆಸರನ್ನು ಹೊತ್ತ ವಿಶ್ವಾಸಪ್ರಮಾಣದಲ್ಲಿ ಈ ಪುನರುತ್ಥಾನದ ನಿರೀಕ್ಷೆಯು ಸೇರಿದೆ. ವಿವರಗಳಲ್ಲಿ ಮಾತ್ರ ಅವರೊಳಗೇ ಭೇದಗಳುಂಟು. ಪೂರ್ಣ ಶುದ್ಧಿಯನ್ನು ಪಡೆಯದೆ ದೇವರ ಕೃಪೆಯಲ್ಲಿ ಸತ್ತವರು ಶುದ್ಧೀಕರಣದ ಸ್ಥಿತಿಯೊಂದನ್ನು ಹಾದು ಸ್ವರ್ಗವನ್ನು ಸೇರುವರೆಂದು ಕ್ಯಾಥೋಲಿಕರು ನಂಬುವರು. ಅದಕ್ಕಾಗಿಯೇ ಪ್ರತಿ ವರ್ಷ ನವೆಂಬರ್ 2ರಂದು ಮೃತರಿಗಾಗಿ ವಿಶೇಷವಾಗಿ ಪ್ರಾರ್ಥಿಸುವರು. ಪ್ರೊಟೆಸ್ಟಂಟರು ಇದನ್ನು ಒಪ್ಪುವುದಿಲ್ಲ. ‘ಪ್ರಕಟನೆ’ ಎಂಬ ಗ್ರಂಥದಲ್ಲಿ ಬರುವ ಸಾವಿರ ವರ್ಷಗಳ ರಾಜ್ಯವನ್ನು ಕೆಲವರು ಅಕ್ಷರಶಃ ನಿಜವೆಂದೆಣಿಸಿದರೆ, ಸಂತ ಅಗಸ್ಟೀನನಂಥವರು (354–430) ಅದನ್ನು ಸಂಕೇತವಾಗಿ ಅರ್ಥೈಸಿದರು.

ಈ ನಂಬುಗೆಯ ಬೇರು ಎಲ್ಲಿದೆ? ಅನ್ಯಾಯವನ್ನು ಉಂಡವನು ನ್ಯಾಯವನ್ನು ಕಾಣದೆಯೇ ಸಾಯುತ್ತಾನೆ. ಅನ್ಯಾಯ ಮಾಡಿದವನು ಸುಖವಾಗಿ ಕಣ್ಣು ಮುಚ್ಚುತ್ತಾನೆ. ಕಥೆಯು ಇಷ್ಟಕ್ಕೇ ಮುಗಿಯುವುದಾದರೆ ದೇವರು ನ್ಯಾಯವಂತನೆಂದು ಹೇಳುವುದೆಂತು? ಆದುದರಿಂದ ಲೆಕ್ಕವನ್ನು ಒಪ್ಪಿಸಬೇಕಾದ ದಿನವೊಂದು ಇರಲೇಬೇಕು. ಇದು ನೊಂದ ಹೃದಯದ ಕೂಗು, ನಗೆಯಾಡತಕ್ಕ ಮಾತಲ್ಲ.

ಆದರೆ ಆ ದಿನವನ್ನು ಎಣಿಸಲು ಹೊರಟವರು ಮೋಸಹೋದರು. ಆ ದಿನವನ್ನಾಗಲಿ ಗಳಿಗೆಯನ್ನಾಗಲಿ ಯಾರೂ ಅರಿಯರೆಂದು ಯೇಸುವೇ ಶಿಷ್ಯರಿಗೆ ತಿಳಿಸಿದನೆಂದು ಸುವಾರ್ತೆಗಳು ಹೇಳುತ್ತವೆ. ಹಾಗಿದ್ದೂ ಅಮೇರಿಕೆಯಲ್ಲಿ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಯೇಸುವು ಬರುವನೆಂದು ಕಾದರು. ಆ ದಿನವು ಬಂದಿತು, ಹೋಯಿತು. ಲೋಕವು ಎಂದಿನಂತೆ ನಡೆಯಿತು.

ಇದನ್ನು ಕೇಳಿ ಕನ್ನಡನಾಡಿನವರು ನಗುವಂತಿಲ್ಲ. ನಮ್ಮ ನಾಡಿನಲ್ಲಿಯೂ ಕಾಲಜ್ಞಾನದ ಹೊತ್ತಗೆಗಳು ಅನೇಕ ಇವೆ. ವೀರವಸಂತರಾಯನು ಬರುವನು, ಕಲ್ಯಾಣವು ಮರಳಿ ಬೆಳಗುವುದು ಎಂಬ ನಿರೀಕ್ಷೆಯು ಶತಮಾನಗಳ ಕಾಲ ಭಕ್ತರ ಮನಸ್ಸಿನಲ್ಲಿ ಉಳಿದುಬಂದಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿಗಳ ಕಡೆಗೆ ಬಂದರು. 1840ರ ಸುಮಾರಿಗೆ ಆ ಪ್ರಾಂತದ ಕೆಲವು ಕಾಲಜ್ಞಾನಿಗಳು, ತಮ್ಮ ಹೊತ್ತಗೆಗಳು ನುಡಿದ ಕಾಲವು ಇದೇ ಇರಬಹುದೆಂದು ಈ ಪಾದ್ರಿಗಳನ್ನು ಕಂಡರು. ಪಾದ್ರಿಗಳೂ ಬಹುಜನರು ತಮ್ಮ ಮತಕ್ಕೆ ಬರುವರೆಂದು ಆಶಿಸಿದರು. ಇಬ್ಬರ ನಿರೀಕ್ಷೆಯೂ ಅವರೆಣಿಸಿದಂತೆ ಕೈಗೂಡಲಿಲ್ಲ. ಭವಿಷ್ಯದ ಕಡೆಗೆ ಮುಖಮಾಡಿ ಕಾಯುವುದು ಒಂದು ಮತದವರ ದೌರ್ಬಲ್ಯವಲ್ಲ; ಅದು ಮನುಷ್ಯಸ್ವಭಾವ.

ಅಂತ್ಯಕಾಲವೆಂಬುದು ಈ ಸೀಮೆಗೆ ಹೊಸದೂ ಅಲ್ಲ. 1876–78ರ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆಯು, ಎಂದರೆ ಇಂದಿನ ವಿಜಯಪುರ, ಬಾಗಲಕೋಟೆಗಳ ಸೀಮೆಯು, ಘೋರವಾಗಿ ನರಳಿತು. ಹಸಿದು ಸತ್ತವನಿಗೆ ಅಂದೇ ಪ್ರಳಯವಾಯಿತು. ಅವನ ಪಾಲಿಗೆ ಮುಖ್ಯವಾದುದು ಲೋಕವು ಎಂದು ಮುಗಿಯುವುದು ಎಂಬ ಗಣಿತವಲ್ಲ. ನೆರೆಯವನ ಕಣಜದ ಬಾಗಿಲು ತೆರೆಯಿತೋ ಇಲ್ಲವೋ ಎಂಬುದು.

ಶರಣರು ಹಿಡಿದುದು ಈ ಎಳೆಯನ್ನು. ಇದೇ ಜಿಲ್ಲೆಯ ಬಾಗೇವಾಡಿಯ ಬಸವಣ್ಣನವರು ಮರ್ತ್ಯಲೋಕವನ್ನು ನಾಣ್ಯ ಅಚ್ಚಾಗುವ ಠಾವಿಗೆ ಹೋಲಿಸಿದರು. ಇಲ್ಲಿ ಸಲ್ಲುವವರೇ ಅಲ್ಲಿಯೂ ಸಲ್ಲುವರು ಎಂಬುದು ಅದರ ಸಾರ. ಸ್ವರ್ಗನರಕಗಳನ್ನು ದೂರದ ಲೋಕಗಳಲ್ಲಿ ಹುಡುಕದೆ ಮನುಷ್ಯನ ನುಡಿಯಲ್ಲಿ, ನಡೆಯಲ್ಲಿ ತೋರಿಸಿಕೊಟ್ಟರು. ಕಡೆಯ ದಿನದ ಲೆಕ್ಕವನ್ನು ಶರಣರು ಅಳಿಸಲಿಲ್ಲ. ಇಂದಿನ ದಿನಕ್ಕೆ ತಂದಿಟ್ಟರು.

ಇಲ್ಲಿಯೇ ಭಕ್ತನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯಿದೆ. ಟಿಕೋಟಾದ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರನು ತೀರಿಕೊಂಡನೆಂದು ಭಾವಿಸಬಹುದು. ಪಡದಲ್ಲಿ ದುಡಿದ ಹೆಣ್ಣಾಳಿನ ಕೂಲಿಯನ್ನು ಅವನು ಎರಡು ವರ್ಷ ಉಳಿಸಿಕೊಂಡಿದ್ದನು. ಮಕ್ಕಳು ಪತ್ರಿಕೆಯನ್ನು ಅಚ್ಚು ಹಾಕಿಸಿ ಹೆಸರಿನ ಹಿಂದೆ ‘ಲಿಂಗೈಕ್ಯ’ ಎಂದು ಸೇರಿಸುತ್ತಾರೆ. ಶಿವಗಣಾರಾಧನೆಯು ವೈಭವದಿಂದ ನಡೆಯುತ್ತದೆ. ಆ ಹೆಣ್ಣುಮಗಳೂ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾಳೆ. ಹುಗ್ಗಿಯ ಬೆಲೆಯು ಅವಳ ಕೂಲಿಗಿಂತ ಹೆಚ್ಚಾಗಿದೆ. ಕೂಲಿಯ ಮಾತನ್ನು ಯಾರೂ ಎತ್ತುವುದಿಲ್ಲ. ಅವನು ಬೆರೆತುದು ಯಾವುದರಲ್ಲಿ? ಐಕ್ಯವೆಂಬುದು ಷಟ್‌ಸ್ಥಲದ ಕೊನೆಯ ಮೆಟ್ಟಿಲು. ಅಚ್ಚುಕೂಟದವನು ಕೊಡತಕ್ಕ ಬಿರುದಲ್ಲ.

ಕ್ರೈಸ್ತರ ಗ್ರಂಥದಲ್ಲಿ ಮತ್ತಾಯನು ಹೇಳುವ ನ್ಯಾಯತೀರ್ಪಿನ ಚಿತ್ರವನ್ನು ಇಂತಹ ಮನೆಯವರು ನೆನೆಯುವುದು ಒಳ್ಳೆಯದು. ಅಲ್ಲಿ ನ್ಯಾಯಾಧೀಶನು ಕೇಳುವುದು ಹಸಿದವನಿಗೆ ಅನ್ನವಿಟ್ಟೆಯಾ, ಬಾಯಾರಿದವನಿಗೆ ನೀರು ಕೊಟ್ಟೆಯಾ, ಸೆರೆಯಲ್ಲಿದ್ದವನನ್ನು ಕಂಡೆಯಾ ಎಂಬುದನ್ನು. ದೀನನಿಗೆ ಮಾಡಿದುದು ತನಗೇ ಮಾಡಿದುದು ಎಂದು ಆತನು ಎಣಿಸುವನು. ದಾಸೋಹವನ್ನು ಅರಿತವರಿಗೆ ಈ ಮಾತು ಪರಕೀಯವೆನಿಸಲಾರದು. ಕಡೆಯ ದಿನದ ಭಯದಿಂದಲಾದರೂ ಕೂಲಿಯನ್ನು ಸಲ್ಲಿಸುವ ಕ್ರೈಸ್ತನು, ಭಯವೂ ಇಲ್ಲದೆ ಆಚಾರವೂ ಇಲ್ಲದೆ ಐಕ್ಯದ ಮಾತನಾಡುವ ಭಕ್ತನಿಗಿಂತ ಮೇಲು. ಕಡೆಯ ದಿನವನ್ನು ಬಿಟ್ಟು, ಇಂದಿನ ಲೆಕ್ಕವನ್ನೂ ಹಿಡಿಯದವನು ಎರಡನ್ನೂ ಕಳೆದುಕೊಂಡನು.

ಟಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲೆನಿಂತ ಪೂಜ್ಯ ಶ್ರೀ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ದೇಹವನ್ನು ಬಿಟ್ಟರು. 2014ರಲ್ಲಿಯೇ ಬರೆದಿಟ್ಟ ಪತ್ರದಲ್ಲಿ, ದೇಹವನ್ನು ಮಣ್ಣಿನಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಬೂದಿಯನ್ನು ನೀರಿನಲ್ಲಿ ಬಿಡಬೇಕು, ಶ್ರಾದ್ಧವನ್ನು ಮಾಡಬಾರದು, ಸ್ಮಾರಕವನ್ನು ಕಟ್ಟಬಾರದು ಎಂದು ಅವರು ತಿಳಿಸಿದ್ದರು. ಅದರಂತೆಯೇ ಅಗ್ನಿಸಂಸ್ಕಾರವು ನಡೆಯಿತು. ಗೋಳಗುಮ್ಮಟದ ಊರಿನಲ್ಲಿ ಗೋರಿಯೇ ಬೇಡವೆಂದ ಈ ನಡೆಯು ವಿಚಾರಯೋಗ್ಯವಾಗಿದೆ. ಮಣ್ಣಾಗಲಿ ಬೆಂಕಿಯಾಗಲಿ ಗತಿಯನ್ನು ನಿರ್ಣಯಿಸದು. ಬದುಕಿದ ರೀತಿಯೇ ನಿರ್ಣಯಿಸುವುದು.

ಕೂಸನ್ನು ಕಳೆದುಕೊಂಡ ತಾಯಿಯು ‘ನನ್ನ ಮಗು ಎಲ್ಲಿದೆ?’ ಎಂದು ಕೇಳಿದಾಗ ಮಾತ್ರ ವಾದವು ಸಲ್ಲದು. ಕ್ರೈಸ್ತ ತಾಯಿಯು ಮರಳಿ ಕಾಣುವೆನೆಂದು ಕಣ್ಣೊರೆಸಿಕೊಂಡರೆ ಆ ನೆಚ್ಚಿಕೆಯನ್ನು ಕದಲಿಸುವುದು ನಿರ್ದಯತೆ. ಲಿಂಗವಂತ ತಾಯಿಗೆ ಮಗುವು ಶಿವನಲ್ಲಿದೆ ಎಂದು ಹೇಳಿ ಅವಳ ಬಳಿಯಲ್ಲಿ ಕುಳಿತರೆ ಸಾಕು. ದಯೆಯಿಲ್ಲದ ತತ್ವವು ತತ್ವವಲ್ಲ.

ಉಳಿದವರು, ವಿಜಯಪುರದ ಪೇಟೆಯಲ್ಲಿರಲಿ, ಬಬಲೇಶ್ವರದ ಹೊಲದಲ್ಲಿರಲಿ, ಸಂಜೆ ಲಿಂಗಪೂಜೆಗೆ ಕುಳಿತಾಗ ಅಂದಿನ ಲೆಕ್ಕವನ್ನು ನೋಡಿಕೊಳ್ಳಲಿ. ಯಾರ ಕೂಲಿಯು ಉಳಿದಿದೆ? ಯಾರಿಗೆ ಹುಸಿಯನ್ನು ನುಡಿದುದಾಯಿತು? ಯಾರು ಹಸಿದು ಬಾಗಿಲಿನಿಂದ ಮರಳಿದರು? ಉಳಿದ ಬಾಕಿಯನ್ನು ನಾಳೆ ಬೆಳಿಗ್ಗೆಯೇ ಸಲ್ಲಿಸಲಿ. ಹಾಗೆ ಬದುಕಿದವನಿಗೆ ಕಡೆಯ ದಿನವು ಎಂದು ಬಂದರೂ ಹೊಸದಾಗಿ ಒಪ್ಪಿಸಬೇಕಾದ ಲೆಕ್ಕವು ಉಳಿದಿರುವುದಿಲ್ಲ.