ಮಹಾದೇವಾಲಯದ ಕೆಳಗಿನ ಜ್ಞಾನಸ್ನಾನದ ಕೊಳ



ಉತ್ತರ ಇಟಲಿಯ ಮಿಲಾನ್ ನಗರಕ್ಕೆ ಹೋದವರು ಮೊದಲು ನೋಡುವುದು ಅಲ್ಲಿನ ಮಹಾದೇವಾಲಯವನ್ನು. 1386ರಲ್ಲಿ ಕಟ್ಟಲಾರಂಭಿಸಿದ ಆ ಅಮೃತಶಿಲೆಯ ಆಲಯದ ಮಾಳಿಗೆ ಹತ್ತಿ, ಶಿಖರಗಳ ನಡುವೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ತಪ್ಪೇನಿಲ್ಲ. ಆದರೆ ಅದೇ ಆಲಯದ ಒಳಗಿನಿಂದ ಕೆಳಕ್ಕೂ ಮೆಟ್ಟಿಲುಗಳಿವೆ. ನೆಲದಡಿಯಲ್ಲಿ ನಾಲ್ಕನೆಯ ಶತಮಾನದ ಜ್ಞಾನಸ್ನಾನದ ಕೊಳದ ಅವಶೇಷಗಳಿವೆ. 1960ರ ದಶಕದ ಆರಂಭದಲ್ಲಿ ಮೆಟ್ರೋ ರೈಲಿಗಾಗಿ ಅಗೆಯುವಾಗ ಅವು ಚೆನ್ನಾಗಿ ಬೆಳಕಿಗೆ ಬಂದವು. ಕೊಳಕ್ಕೆ ಎಂಟು ಮೂಲೆ. ಎಂಟನೆಯ ದಿನವೆಂದರೆ ಪ್ರಭುವಿನ ಪುನರುತ್ಥಾನದ ದಿನ.

387ರ ಪಾಸ್ಖ ಜಾಗರಣೆಯ ರಾತ್ರಿ ಧರ್ಮಾಧ್ಯಕ್ಷ ಸಂತ ಅಂಬ್ರೋಸರು ಇಲ್ಲಿ 32 ವರ್ಷದ ಅಗಸ್ಟೀನನಿಗೆ ಜ್ಞಾನಸ್ನಾನ ಕೊಟ್ಟರು. ಜೊತೆಯಲ್ಲಿ ಅವನ ಮಗ ಅದಿಯೋದಾತುಸ್ ಮತ್ತು ಗೆಳೆಯ ಅಲಿಪಿಯುಸ್ ಸಹ ಇದ್ದರು. ತಾಯಿ ಮೋನಿಕಾ ಆ ರಾತ್ರಿಗಾಗಿ ಎಷ್ಟು ವರ್ಷ ಕಾದಿದ್ದಳು!

ಮಗ ಪೂಜೆಗೆ ಬರುವುದಿಲ್ಲ, ಮಾತೆತ್ತಿದರೆ ಎದ್ದು ಹೋಗುತ್ತಾನೆ ಎಂದು ನಮ್ಮ ತಾಯಂದಿರು ಕಣ್ಣೊರೆಸಿಕೊಳ್ಳುವುದುಂಟು. ಮೋನಿಕಾಳ ಮಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದ. 383ರಲ್ಲಿ ಕಾರ್ಥೇಜಿನ ಬಂದರಿನಲ್ಲಿ, ಗೆಳೆಯನನ್ನು ಬೀಳ್ಕೊಡಲು ಬಂದಿದ್ದೇನೆಂದು ಸುಳ್ಳು ಹೇಳಿ, ಆಕೆ ಸಂತ ಸಿಪ್ರಿಯಾನರ ಸ್ಮಾರಕದಲ್ಲಿ ಪ್ರಾರ್ಥಿಸುತ್ತಿದ್ದ ರಾತ್ರಿಯೇ ಹಡಗು ಹತ್ತಿ ರೋಮಿಗೆ ಹೊರಟುಬಿಟ್ಟ. ಬೆಳಗ್ಗೆ ದಡದಲ್ಲಿ ಆಕೆ ಒಬ್ಬಳೇ. ಅದಕ್ಕೂ ಹಿಂದೆ, ಮಗನೊಡನೆ ವಾದಿಸಿ ಅವನನ್ನು ತಿದ್ದಿರೆಂದು ಆಕೆ ಒಬ್ಬ ಧರ್ಮಾಧ್ಯಕ್ಷರನ್ನು ಕಾಡಿದ್ದಳು. ಅವರು ಒಪ್ಪಲಿಲ್ಲ, ಈಗ ಅವನು ಕೇಳುವ ಸ್ಥಿತಿಯಲ್ಲಿಲ್ಲ, ನೀನು ಪ್ರಾರ್ಥಿಸು ಎಂದು ಕಳಿಸಿದರು.

ಮಿಲಾನಿನಲ್ಲಿ ಅಂಬ್ರೋಸರೂ ಅಗಸ್ಟೀನನೊಡನೆ ವಾದಕ್ಕಿಳಿಯಲಿಲ್ಲ. ಅವರ ಕೋಣೆಗೆ ಯಾರು ಬೇಕಾದರೂ ಬರಬಹುದಿತ್ತು. ಅವರು ಮೌನವಾಗಿ ಓದುತ್ತಿದ್ದರು. ಅಗಸ್ಟೀನ್ ಸ್ವಲ್ಪ ಹೊತ್ತು ಕುಳಿತು ಸುಮ್ಮನೆ ಎದ್ದು ಹೋಗುತ್ತಿದ್ದ. ಆದರೆ ಭಾನುವಾರದ ಪ್ರಬೋಧನೆ ತಪ್ಪಿಸುತ್ತಿರಲಿಲ್ಲ. ಮೊದಮೊದಲು ಭಾಷೆಯ ಸೊಗಸಿಗಾಗಿ ಹೋದವನಿಗೆ ವಿಷಯವೂ ಒಳಗಿಳಿಯತೊಡಗಿತು.

ತಿದ್ದಿಕೊಂಡವನು ಮಗ ಮಾತ್ರವಲ್ಲ. ತನ್ನ ಊರಿನ ವಾಡಿಕೆಯಂತೆ ಮೋನಿಕಾ ರಕ್ತಸಾಕ್ಷಿಗಳ ಸಮಾಧಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸ ಒಯ್ದಾಗ, ಧರ್ಮಾಧ್ಯಕ್ಷರು ಬೇಡವೆಂದಿದ್ದಾರೆ ಎಂದು ಬಾಗಿಲು ಕಾಯುವವನು ತಡೆದ. ಆಕೆ ಮುನಿಸಿಕೊಳ್ಳದೆ ಬುಟ್ಟಿಯೊಂದಿಗೆ ಹಿಂತಿರುಗಿದಳು. ನಮ್ಮಲ್ಲಿ ಹಬ್ಬದ ಪದ್ಧತಿಯೊಂದನ್ನು ಸ್ವಾಮಿಗಳು ಬದಲಿಸಿದರೆ ಏನಾಗುತ್ತದೆಂದು ನಿಮಗೆ ಗೊತ್ತು.

ಅಂಬ್ರೋಸರು 397ರಲ್ಲಿ ತೀರಿಕೊಂಡರು. ಅವರ ಹೆಸರಿನ ಬಸಿಲಿಕದ ನೆಲಮಾಳಿಗೆಯಲ್ಲಿ ಜೆರ್ವಾಸಿಯುಸ್, ಪ್ರೊತಾಸಿಯುಸ್ ಎಂಬ ರಕ್ತಸಾಕ್ಷಿಗಳ ನಡುವೆ ಅವರನ್ನು ಮಲಗಿಸಿದೆ. ಮೇಲೆ ಒಂಬತ್ತನೆಯ ಶತಮಾನದ ಚಿನ್ನದ ಬಲಿಪೀಠವಿದೆ. ಹೊರಗೆ ಎತ್ತರದಲ್ಲಿ ಸಮವಲ್ಲದ ಎರಡು ಗಂಟೆಗೋಪುರಗಳು. ಮಠವಾಸಿಗಳಿಗೂ ಆಲಯದ ಇತರ ಗುರುಗಳಿಗೂ ಹೊಂದಿಕೆಯಿಲ್ಲದೆ ಒಬ್ಬೊಬ್ಬರಿಗೆ ಒಂದೊಂದು! ಸಂತರ ಸಮಾಧಿಯ ಮೇಲೂ ಜಗಳ ನಿಲ್ಲಲಿಲ್ಲ.

ಮಿಲಾನಿನಿಂದ ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್ ಹೋದರೆ ಪಾವಿಯಾ. ಅಲ್ಲಿ ಸಂತ ಪೇತ್ರರ ಹೆಸರಿನ ಹಳೆಯ ಇಟ್ಟಿಗೆಯ ದೇವಾಲಯದಲ್ಲಿ, ಹದಿನಾಲ್ಕನೆಯ ಶತಮಾನದ ಅಮೃತಶಿಲೆಯ ಕೆತ್ತನೆಯ ಕೆಳಗೆ, ಅಗಸ್ಟೀನರ ಅವಶೇಷಗಳಿವೆ. ಆಫ್ರಿಕದಲ್ಲಿ 430ರಲ್ಲಿ ತೀರಿಕೊಂಡವರನ್ನು ಮೊದಲು ಸಾರ್ಡೀನಿಯಾ ದ್ವೀಪಕ್ಕೆ, ಎಂಟನೆಯ ಶತಮಾನದಲ್ಲಿ ಲೊಂಬಾರ್ಡ್ ಅರಸ ಲಿಯುತ್‌ಪ್ರಾಂದ್ ಇಲ್ಲಿಗೆ ತರಿಸಿದ. 2007ರಲ್ಲಿ ಜಗದ್ಗುರು 16ನೇ ಬೆನೆಡಿಕ್ಟರು ಬಂದು ಇಲ್ಲಿ ಪ್ರಾರ್ಥಿಸಿದರು.

ತಾಯಿಯ ಸಮಾಧಿ ಈ ಎರಡು ಊರುಗಳಲ್ಲೂ ಇಲ್ಲ. ಜ್ಞಾನಸ್ನಾನವಾದ ಅದೇ ವರ್ಷ, ಮಗನೊಡನೆ ಊರಿಗೆ ಮರಳುವ ದಾರಿಯಲ್ಲಿ, ಓಸ್ತಿಯಾ ಬಂದರಿನಲ್ಲಿ 56ನೇ ವಯಸ್ಸಿನಲ್ಲಿ ಆಕೆ ಕಣ್ಮುಚ್ಚಿದಳು. ಪತಿಯ ಪಕ್ಕದಲ್ಲೇ ಮಣ್ಣಾಗಬೇಕೆಂದು ಮೊದಲು ಆಸೆಪಟ್ಟಿದ್ದವಳು ಕೊನೆಗೆ ಅದನ್ನೂ ಬಿಟ್ಟಳು. ದೇಹವನ್ನು ಎಲ್ಲಿಯಾದರೂ ಇಡಿ, ಪ್ರಭುವಿನ ಬಲಿಪೀಠದಲ್ಲಿ ನನ್ನನ್ನು ನೆನೆಯಿರಿ ಎಂದಷ್ಟೇ ಮಕ್ಕಳನ್ನು ಕೇಳಿಕೊಂಡಳು.